ಹಚ್ಚಿದ ಕೈಗೆ ಬಂದ ಮೊಲಗಳು

ಬೇರೆ ಊರಿನ ಬ್ಯೂಟಿ ಪಾರ್ಲರಿನವರು ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾರಂತೆ. ಪುಣ್ಯವಂತರು. ನಾನು ಎದ್ದು ಕಣ್ಣುಜ್ಜಿಕೊಂಡು ಮೊದಲು ಮಾಡುವ ಕೆಲಸ ಮೂಲಂಗಿ ಸೊಪ್ಪು ಹೆಚ್ಚುವುದು. ಹಿತ್ತಿಲಿನ ಶೆಡ್ಡಿನಲ್ಲಿ ಇಪ್ಪತ್ತಾರು ಮೊಲಗಳು ನನಗಾಗಿ ಕಾದು ಕೂತಿರುತ್ತವೆ. ಕೂತಿರುತ್ತವೆ ಅಂದರೆ ಸುಮ್ಮನೆ ಅಲ್ಲ, ನೆಂಟರ ಮನೆಯಲ್ಲಿ ಊಟಕ್ಕೆ ಹೊತ್ತಾದಾಗ ಕೂತ ಹಾಗೆ, ಮುಖ ಬಿಗಿದುಕೊಂಡು. ಒಂದಕ್ಕೆ ಬೆನ್ನಿನ ಮೇಲೆ ಕೂದಲಿಲ್ಲ, ಒಂದಕ್ಕೆ ತುಟಿ ಸುಟ್ಟಿದೆ, ಆರೇಳಕ್ಕೆ ಕಣ್ಣೇ ಇಲ್ಲ. ಎಲ್ಲವಕ್ಕೂ ಕಿವಿಯಲ್ಲಿ ಯಾರೋ ಚುಚ್ಚಿದ ನಂಬರು. ಆ ನಂಬರು ಹಿಡಿದು ಕರೆದರೆ ಒಂದೂ ತಿರುಗಿ ನೋಡುವುದಿಲ್ಲ. ಅದಕ್ಕೇ ನಾನು ಯಾವ ಮೊಲ ಯಾರ ಮುಖದಿಂದ ಬಂತೋ ಅವರದೇ ಹೆಸರಿಟ್ಟುಬಿಟ್ಟಿದ್ದೇನೆ. "ಪೋಸ್ಟ್‌ಮಾಸ್ತರ್ ಹೆಂಡ್ತಿ, ಸರಿ ಆಕಡೆ! ಹೆಡ್‌ಮಿಸ್ಸು, ನಿಂಗೆ ಎಷ್ಟು ಕೊಟ್ರೂ ಸಾಲಲ್ವಾ?" ಎಂದು ಬೈಯುತ್ತಾ ಹಾಕುತ್ತೇನೆ. ಅದೊಂದೇ ನನಗೆ ಸಿಗುವ ಸಮಾಧಾನ.

ನನ್ನ ಹೆಸರು ಪಂಕಜ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ, ಮನೆಯ ಮುಂಭಾಗದಲ್ಲೇ ಪಾರ್ಲರು. ಹದಿನಾರು ವರ್ಷವಾಯಿತು. ಊರಿನ ಅರ್ಧ ಹೆಂಗಸರ ಹುಬ್ಬಿಗೆ ಆಕಾರ ಕೊಟ್ಟದ್ದು ನನ್ನ ದಾರ. ಆದರೆ ನಮ್ಮೂರಿನ ಕಥೆ ಗೊತ್ತಲ್ಲ. ಒಂದು ಕ್ರೀಮನ್ನೋ ಲಿಪ್‌ಸ್ಟಿಕ್ಕನ್ನೋ ಕಾರ್ಖಾನೆಯವರು ಮೊದಲು ಯಾವ ಪ್ರಾಣಿಯ ಮೈಗೆ ಬಳಿದು ನೋಡಿರುತ್ತಾರೋ, ಆ ಪ್ರಾಣಿ ಮೂರನೆಯ ದಿನ ಬೆಳಿಗ್ಗೆ, ಹಾಲಿನವನು ಬರುವ ಹೊತ್ತಿಗೆ, ಬಾಗಿಲಿಗೆ ಬಂದು ಕೂರುತ್ತದೆ. ಹೊಸ ಮುಖಕ್ಕೊಂದು, ಹೊಸ ಡಬ್ಬಿಗೊಂದು. ಬರುವುದು ಹಚ್ಚಿಸಿಕೊಂಡವರ ಬಾಗಿಲಿಗಲ್ಲ, ಹಚ್ಚಿದವರ ಬಾಗಿಲಿಗೆ! ಉಂಡವನೊಬ್ಬ, ಕೈ ತೊಳೆಯುವವನು ಇನ್ನೊಬ್ಬ ಅನ್ನುವ ಹಾಗೆ. ಬಂದದ್ದು ವಾಪಸು ಹೋಗುವುದಿಲ್ಲ. ಸಾಯುವ ತನಕ ಇರುತ್ತದೆ. ಹಚ್ಚಿದ ಕೈಯಿಂದ ಕೊಟ್ಟರೆ ಮಾತ್ರ ತಿನ್ನುತ್ತದೆ. ನಮ್ಮ ಯಜಮಾನರು ಒಮ್ಮೆ ನನಗೆ ಜ್ವರ ಬಂದಾಗ ನನ್ನ ಬಳೆ ತೊಟ್ಟು, ನನ್ನ ಸೀರೆ ಹೊದ್ದು ಶೆಡ್ಡಿಗೆ ಹೋಗಿ ನೋಡಿದರು. ಅಷ್ಟೂ ಮೊಲಗಳು ಅವರಿಗೆ ಬೆನ್ನು ತಿರುಗಿಸಿ ಕೂತವು. ಕೊನೆಗೆ ನಾನೇ ಕಂಬಳಿ ಹೊದ್ದುಕೊಂಡು ಹೋಗಿ ಹಾಕಿದೆ.

ನಮ್ಮೂರಿನ ಹೆಂಗಸರು ಏನು ದಡ್ಡರೇ? ಎಲ್ಲರೂ ಒಂದೇ ದಾರಿ ಕಂಡುಕೊಂಡರು. ಮನೆಯಲ್ಲಿ ತಾವೇ ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದನ್ನೇ ಬಿಟ್ಟರು. ಎಲ್ಲದಕ್ಕೂ ಪಾರ್ಲರಿಗೇ ಬರತೊಡಗಿದರು. "ಪಂಕಜಕ್ಕ, ನಿಮ್ಮ ಕೈಗುಣವೇ ಬೇರೆ" ಅನ್ನುತ್ತಿದ್ದರು. ನಾನು ಪೆದ್ದಿ, ಅದನ್ನು ನಂಬಿದೆ. ಉಬ್ಬಿಹೋದೆ. ಒಂದು ಕಾಲಕ್ಕೆ ಶೆಡ್ಡಿನಲ್ಲಿ ನೂರಕ್ಕೂ ಮೇಲೆ ಇದ್ದವು. ಇದರ ಜೊತೆಗೆ ಯಾವ ಪುಣ್ಯಾತ್ಗಿತ್ತಿ ಹುಟ್ಟಿಸಿದಳೋ, ಇನ್ನೊಂದು ನಂಬಿಕೆ ಬೇರೆ: ಮೊಲವನ್ನು ನೋಡಿದರೆ ಮುಖದ ಕಳೆ ಹೋಗುತ್ತದಂತೆ. ಹಾಗಾಗಿ ಗಿರಾಕಿಗಳು ಇರುವಷ್ಟು ಹೊತ್ತೂ ನಮ್ಮ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿರಬೇಕು. ಹದಿನಾರು ವರ್ಷದಲ್ಲಿ ಒಬ್ಬ ಗಿರಾಕಿಯೂ ಆ ಶೆಡ್ಡು ನೋಡಿಲ್ಲ. ನನ್ನ ಮಗಳಿಗೂ ಮದುವೆ ನಿಶ್ಚಯವಾದ ಮೇಲೆ ನಾನೇ ಆ ಕಡೆ ಹೋಗಲು ಬಿಟ್ಟಿರಲಿಲ್ಲ. ನಂಬಿಕೆ ಅಂದರೆ ಹಾಗೆಯೇ, ಬೈಯುತ್ತಲೇ ನಡೆಸುತ್ತೇವೆ.

ಎರಡು ವರ್ಷದ ಹಿಂದೆ ಮಗಳು ಮಂದಾರಳ ಮದುವೆ ಮಾಡಿದೆ. ಅವಳನ್ನು ಗಂಡನ ಮನೆಗೆ ಕಳಿಸಿ, ಅತ್ತು, ಮಲಗಿ, ಮೂರನೆಯ ದಿನ ಬಾಗಿಲು ತೆಗೆದರೆ ರಂಗೋಲಿಯ ಮೇಲೆ ಸಾಲಾಗಿ ಹನ್ನೊಂದು ಕೂತಿದ್ದವು. ಹಾಲಿನವನು "ಅಕ್ಕ, ಇವತ್ತು ಹಾಲು ಜಾಸ್ತಿ ಬೇಕಾ?" ಎಂದು ಕೇಳಿದ. ನನಗೆ ನಗು ಬರಲಿಲ್ಲ. ಆವತ್ತೇ ಅಂದುಕೊಂಡೆ, ಇನ್ನು ಸಾಕು. ಅಂದಿನಿಂದ ಯಾವ ಡಬ್ಬಿಯೇ ಬರಲಿ, ಮೊದಲು ನನ್ನ ಮಣಿಕಟ್ಟಿಗೆ ಹಚ್ಚಿಕೊಂಡು ಮೂರು ದಿನ ಕಾಯುತ್ತೇನೆ. ಯಾರೂ ಬರಲಿಲ್ಲವೋ, ಆಗ ಗಿರಾಕಿಯ ಮುಖಕ್ಕೆ. ಬಂದರೆ ಡಬ್ಬಿ ತಿಪ್ಪೆಗೆ, ಮೊಲ ಶೆಡ್ಡಿಗೆ. ಬಸಲಿಂಗಪ್ಪನ ಫ್ಯಾನ್ಸಿ ಸ್ಟೋರಿನಲ್ಲಿ ಕೆಲವು ಡಬ್ಬಿಗಳ ಮೇಲೆ ಮೊಲದ ಚಿತ್ರ ಹಾಕಿ "ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ" ಎಂದು ಅಚ್ಚು ಮಾಡಿರುತ್ತಾರೆ. ಒಮ್ಮೆ ಅಂಥದ್ದೊಂದನ್ನು ನಂಬಿ ತಂದೆ. ಮೂರನೆಯ ದಿನ ಆ ಚಿತ್ರವೇ ಎದ್ದು ಬಂದು ಬಾಗಿಲಲ್ಲಿ ಕೂತಿತ್ತು, ಒಂದು ಕಿವಿ ಇಲ್ಲದೆ. ಬಸಲಿಂಗಪ್ಪನಿಗೆ ಹೋಗಿ ತೋರಿಸಿದೆ. "ನಾನೇನ್ ಮಾಡ್ಲಿ ಅಕ್ಕ, ಅಚ್ಚು ಹಾಕಿದೋರು ನಾನಾ?" ಅಂದ. ನಿಜ, ಅವನಲ್ಲ. ಯಾರನ್ನು ಕೇಳಿದರೂ ಅವರಲ್ಲ. ಮಾಡಿದವರೇ ಇಲ್ಲದೆ ಇಷ್ಟು ಮೊಲಗಳ ಕಣ್ಣು ಹೇಗೆ ಹೋಯಿತೋ ದೇವರಿಗೇ ಗೊತ್ತು.

ಹೀಗೆ ಆರಿಸಿ ಆರಿಸಿ ನನ್ನ ಹತ್ತಿರ ಉಳಿದದ್ದು ನಾಲ್ಕು ಕ್ರೀಮು, ಎರಡು ಬಣ್ಣದ ಲಿಪ್‌ಸ್ಟಿಕ್ಕು, ಹರಳೆಣ್ಣೆ ದೀಪದಲ್ಲಿ ನಾನೇ ಮಾಡಿದ ಕಾಡಿಗೆ. ಗಿರಾಕಿಗಳು ಅರ್ಧಕ್ಕರ್ಧ ಇಳಿದರು. ಇಳಿಯಲಿ. ಮೊಲಗಳೂ ಒಂದೊಂದೇ ಕಡಿಮೆಯಾಗಿ ಇಪ್ಪತ್ತಾರಕ್ಕೆ ನಿಂತವು. ಕಷ್ಟಪಟ್ಟ ಮೈ, ಹೆಚ್ಚು ದಿನ ಬಾಳುವುದಿಲ್ಲ. ಹೋದಾಗ ನಿಟ್ಟುಸಿರು ಬಿಡುತ್ತೇನೆ. ಆಮೇಲೆ ನಿಟ್ಟುಸಿರು ಬಿಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ.

ಇಂಥದ್ದರಲ್ಲಿ ಮಂದಾರ ಬಸುರಿಯಾದಳು. ಏಳು ತುಂಬಿ ಎಂಟಕ್ಕೆ ಬಿತ್ತು. ಮೊದಲನೆಯ ಬಾಣಂತನ ತವರಿನಲ್ಲೇ ಆಗಬೇಕು, ಇದು ಯಾರಿಗೆ ಗೊತ್ತಿಲ್ಲ? ನಾನು ಹಳೆ ಸೀರೆ ಒಗೆದು ಮಡಚಿಟ್ಟೆ, ಅಂಟಿನುಂಡೆಗೆ ಅಂಟು ತರಿಸಿದೆ. ಆಗ ಬೀಗಿತ್ತಿ ಕಾತ್ಯಾಯಿನಮ್ಮ ಫೋನು ಮಾಡಿದರು. ಅವರ ಊರು ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ಏನು ಹಚ್ಚಿದರೂ ಯಾರೂ ಬರುವುದಿಲ್ಲ. ಸುಖಿಗಳು.

"ತಪ್ಪು ತಿಳ್ಕೋಬೇಡಿ ಪಂಕಜಮ್ಮ" ಅಂದರು. "ತವರಿಗೆ ಕಳಿಸ್ಬೇಕು, ನಂಗೂ ಗೊತ್ತು. ಆದ್ರೆ ಹಸುಗೂಸನ್ನ ಆ ಮೊಲದ ಸಂತೆ ಮಧ್ಯೆ ಮಲಗಿಸೋಕಾಗುತ್ತಾ? ಕೂದಲು ಹಾರುತ್ತೆ, ವಾಸ್ನೆ ಬೇರೆ. ಬೇಕಾದ್ರೆ ನೀವೇ ಬಂದು ಇಲ್ಲೇ ಬಾಣಂತನ ಮಾಡಿ."

"ನಾನು ಬಂದ್ರೆ ಇವಕ್ಕೆ ಯಾರು ಹಾಕ್ತಾರೆ? ನನ್ನ ಕೈಯಿಂದಲ್ದೆ ತಿನ್ನಲ್ಲ, ಎರಡೇ ದಿನಕ್ಕೆ ಸತ್ತುಹೋಗ್ತವೆ" ಅಂದೆ.

"ನಿಮ್ಮೂರಿನ ಹುಚ್ಚು ನಿಮಗೇ ಇರ್ಲಿ ತಾಯಿ. ಮೊಲ ಹೆಚ್ಚೋ ಮಗಳು ಹೆಚ್ಚೋ, ನೀವೇ ಯೋಚ್ನೆ ಮಾಡಿ" ಎಂದು ಫೋನಿಟ್ಟುಬಿಟ್ಟರು.

ಆಮೇಲೆ ಮಂದಾರ ಮೆಲ್ಲಗೆ ಫೋನು ಮಾಡಿದಳು. "ಅಮ್ಮ, ನಂಗೆ ಭಯ ಆಗ್ತಿದೆ ಕಣೇ. ನೀನು ಪಕ್ಕದಲ್ಲಿರ್ತೀಯೋ ಇಲ್ವೋ, ಅಷ್ಟು ಹೇಳು ಸಾಕು." ಏನು ಹೇಳಲಿ? ಇರ್ತೀನಿ ಅಂದೆ. ಫೋನಿಟ್ಟು ಶೆಡ್ಡಿಗೆ ಹೋಗಿ ಇಪ್ಪತ್ತಾರಕ್ಕೂ ಬಾಯಿಗೆ ಬಂದ ಹಾಗೆ ಬೈದೆ. ಅವು ತಿನ್ನುತ್ತಲೇ ಇದ್ದವು. ಬೈದು ಬೈದು ನನಗೇ ಅಳು ಬಂತು. ಅವುಗಳ ತಪ್ಪೇನಿದೆ ಇದರಲ್ಲಿ?

ಎರಡು ದಿನ ಬಿಟ್ಟು ಕಂಟ್ರಾಕ್ಟರ ಹೆಂಡತಿ ವಿಜಯಾಂಬ ಮಗಳನ್ನು ಕರೆದುಕೊಂಡು ಪಾರ್ಲರಿಗೆ ಬಂದರು. ಮಗಳು ಚಾರುಲತಾಳ ಮದುವೆ ಎಂಟು ದಿನಕ್ಕೆ ಇತ್ತು. ವಿಜಯಾಂಬನವರ ಕೈಯಲ್ಲಿ ಒಂದು ಮೇಕಪ್ ಪೆಟ್ಟಿಗೆ. ಪರದೇಶದ್ದಂತೆ. ತೆಗೆದರೆ ಮೂರು ಅಂತಸ್ತು, ಹನ್ನೆರಡು ಡಬ್ಬಿ. ನನಗೆ ಕಂಡದ್ದು ಹನ್ನೆರಡು ಜೊತೆ ಕಿವಿ.

"ಇದ್ರಲ್ಲೇ ಮಾಡ್ಬೇಕು ಪಂಕಜ. ಇವತ್ತು ಒಂದ್ಸಲ ಹಚ್ಚಿ ತೋರ್ಸು, ಹೇಗೆ ಕಾಣುತ್ತೆ ನೋಡೋಣ" ಅಂದರು.

"ನಾನು ಇಂಥವು ಬಿಟ್ಟು ಎರಡು ವರ್ಷ ಆಯ್ತಲ್ಲ ಅಮ್ಮೋರೇ. ನಿಮಗೆ ಅಷ್ಟು ಇಷ್ಟ ಇದ್ರೆ ನೀವೇ ನಿಮ್ಮ ಕೈಯಾರೆ ಮಗಳಿಗೆ ಹಚ್ಚಿ."

"ನಾನು ಹಚ್ಚಿದ್ರೆ ಮದುವೆ ಮನೆ ಬಾಗಿಲಿಗೆ ಹನ್ನೆರಡು ಬಂದು ಕೂರಲ್ವಾ? ನೆಂಟರು ಏನಂತಾರೆ?" ಎಂದು ಅವರು ದನಿ ತಗ್ಗಿಸಿದರು. "ನಿನ್ನ ಬೀಗಿತ್ತಿ ಕಾತ್ಯಾಯಿನಿ ನಮ್ಮ ದೊಡ್ಡಮ್ಮನ ಮಗಳು, ಗೊತ್ತಲ್ಲ? ನಮ್ಮ ತೋಟದ ಮನೆ ಖಾಲಿ ಇದೆ. ಮಂದಾರ ಅಲ್ಲಿ ಬಾಣಂತನಕ್ಕೆ ಇರ್ಲಿ. ಒಂದು ಮೊಲಾನೂ ಆ ಕಡೆ ಸುಳಿಯಲ್ಲ. ನೀನು ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಇವಕ್ಕೆ ಹಾಕಿ ಹೋದ್ರಾಯ್ತು. ನಾನು ಒಂದು ಮಾತು ಹೇಳಿದ್ರೆ ಕಾತ್ಯಾಯಿನಿ ತೆಗೆದುಹಾಕಲ್ಲ."

ಅಯ್ಯೋ, ಎಲ್ಲಿ ಹಿಡಿದರೆ ನಾನು ಬಗ್ಗುತ್ತೇನೆ ಎಂದು ಆ ಹೆಂಗಸಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು! ಸುಳ್ಳು ಹೇಳಲಾರೆ, ಬಗ್ಗಿದೆ. ಇಪ್ಪತ್ತಾರು ಇದ್ದಲ್ಲಿ ಮೂವತ್ತೆಂಟು, ಏನಾಗುತ್ತದೆ, ನನ್ನ ಮಗಳು ನನ್ನ ಕಣ್ಣೆದುರು ಇರುತ್ತಾಳಲ್ಲ ಅಂದುಕೊಂಡೆ. ಚಾರುವನ್ನು ಕುರ್ಚಿಯಲ್ಲಿ ಕೂರಿಸಿದೆ. ಮುಡಿದಿದ್ದ ಸೇವಂತಿಗೆ ತೆಗೆದು ಅವಳ ಕೈಗೆ ಕೊಟ್ಟು, ಕೂದಲು ಹಿಂದಕ್ಕೆ ಕಟ್ಟಿದೆ. ಮೊದಲ ಡಬ್ಬಿಯ ಮುಚ್ಚಳ ತೆಗೆದೆ.

ಅಷ್ಟರಲ್ಲಿ ನಮ್ಮ ಯಜಮಾನರು ಶೆಡ್ಡಿಗೆ ನೀರು ಹೊತ್ತುಕೊಂಡು ಹೋಗುವಾಗ ಹಿತ್ತಿಲ ಚಿಲಕ ಹಾಕುವುದನ್ನು ಮರೆತಿದ್ದರು. ಅವರು ಮರೆಯುವುದೊಂದನ್ನು ಮಾತ್ರ ಎಂದೂ ಮರೆಯುವುದಿಲ್ಲ. ಒಂದು ಮೊಲ ಕುಪ್ಪಳಿಸುತ್ತಾ ಒಳಗೆ ಬಂತು. ಬೆನ್ನಿನ ಮೇಲೆ ಅಂಗೈಯಗಲ ಕೂದಲಿಲ್ಲದ, ಕೆಂಪಗೆ ಸುಕ್ಕುಗಟ್ಟಿದ ಚರ್ಮ. ವಿಜಯಾಂಬ "ಥೂ, ಥೂ, ಮಗೂ ಮುಖ ತಿರುಗಿಸ್ಕೋ!" ಎಂದು ಸೆರಗು ಅಡ್ಡ ಹಿಡಿದರು. ಮೊಲ ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ಹೋಗಿ ಚಾರುವಿನ ಕಾಲ ಬಳಿ ನಿಂತು, ಹಿಂಗಾಲಿನ ಮೇಲೆ ಎದ್ದು, ಅವಳ ಕೈಯಲ್ಲಿದ್ದ ಸೇವಂತಿಗೆಯನ್ನು ಎಸಳೆಸಳಾಗಿ ತಿನ್ನತೊಡಗಿತು.

ನನ್ನ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು.

"ಆಂಟಿ, ತಿಂತಿದೆ" ಅಂದಳು ಚಾರು, ಹೆದರಿಕೊಂಡೇ. "ನಿಮ್ಮ ಕೈಯಿಂದ ಮಾತ್ರ ತಿನ್ನೋದು ಅಂತಾರಲ್ಲ ಎಲ್ರೂ?"

ಯಾವ ಮೊಲ ಎಂದು ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಅವಳ ಭರತನಾಟ್ಯದ ರಂಗಪ್ರವೇಶಕ್ಕೆ ನಾನೇ ಮುಖಕ್ಕೆ ಬಳಿದಿದ್ದೆ. ಆಗ ಬಂದದ್ದು. ಅದರ ಹೆಸರೂ ಚಾರುವೇ. ಹಚ್ಚಿದ ಕೈ ಒಂದೇ ಅಲ್ಲ, ಹಚ್ಚಿಸಿಕೊಂಡ ಮುಖವೂ ಅವಕ್ಕೆ ಗೊತ್ತು! ಹದಿನಾರು ವರ್ಷ ಕಣ್ರೀ, ಹದಿನಾರು ವರ್ಷ! ನಾನು ಒಂದು ರಾತ್ರಿಯೂ ಊರು ಬಿಟ್ಟು ಹೋಗಿಲ್ಲ, ನನ್ನ ತಮ್ಮನ ಮದುವೆಗೆ ಹೋಗಿಲ್ಲ, ನಮ್ಮಮ್ಮ ಸತ್ತಾಗ ಮಣ್ಣು ಮುಗಿಸಿ ಅದೇ ಬಸ್ಸಿಗೆ ವಾಪಸು ಓಡಿಬಂದಿದ್ದೇನೆ. ಒಬ್ಬಳು, ಒಬ್ಬಳಾದರೂ ಆ ಚಿಲಕ ತೆಗೆದು ತನ್ನ ಮೊಲ ಎಲ್ಲಿದೆ ಎಂದು ನೋಡಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಮುಖದ ಕಳೆಯಂತೆ, ಕಳೆ! ಯಾರ ಮೇಲೆ ರೇಗಬೇಕೋ ತಿಳಿಯದೆ ನಮ್ಮ ಯಜಮಾನರ ಮೇಲೆ ರೇಗಿದೆ. ಅವರು ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತು "ಈಗ ನಾನೇನ್ ಮಾಡ್ದೆ?" ಎಂದರು.

ಚಾರು ಮೊಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಕೆಂಪು ಚರ್ಮವನ್ನು ಮುಟ್ಟದೆ ಅದರ ಸುತ್ತಲೂ ಬೆರಳಾಡಿಸುತ್ತಿದ್ದಳು. "ಇದು ನನ್ನಿಂದಾನಾ?" ಎಂದು ಕೇಳಿದಳು.

"ನಿನ್ನಿಂದ ಅಲ್ಲ ಮಗಳೇ. ನಿನಗೋಸ್ಕರ" ಅಂದೆ.

ಆ ಹುಡುಗಿ ಪೆಟ್ಟಿಗೆಯ ಹನ್ನೆರಡು ಡಬ್ಬಿಯನ್ನೂ ಒಮ್ಮೆ ನೋಡಿದಳು. ಆಮೇಲೆ ತಾನೇ ಮುಚ್ಚಿದಳು. "ಅಮ್ಮ, ಇದು ಬೇಡ. ಆಂಟಿ ಹತ್ರ ಏನಿದ್ಯೋ ಅದೇ ಸಾಕು." ವಿಜಯಾಂಬ ಕೂಗಾಡಿದರು, ಅತ್ತರು, ಮದುವೆ ಹೆಣ್ಣು ಹಳ್ಳಿ ಗೌರಮ್ಮನ ಹಾಗೆ ಕಾಣ್ತಾಳೆ ಅಂದರು. ಮಗಳು ಜಗ್ಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದರು, "ಕಾತ್ಯಾಯಿನಿಗೆ ನಾನು ಒಂದು ಮಾತೂ ಹೇಳಲ್ಲ, ತಿಳ್ಕೋ. ತೋಟದ ಮನೆ ಕನಸು ಮರೆತುಬಿಡು." ಚಾರು ಮಾತ್ರ ತನ್ನ ಮೊಲವನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಹಿಂದೆಯೇ ಹೋದಳು. ಅದು ತೋಳಿನ ಮೇಲಿಂದ ಇಣುಕಿ ನನ್ನನ್ನು ಒಮ್ಮೆ ನೋಡಿತು.

ತೋಟದ ಮನೆ ಹೋದರೆ ಹೋಯಿತು. ನನಗೆ ದಾರಿ ಸಿಕ್ಕಿತ್ತು. ಮಾರನೆಯ ದಿನ ಬೆಳಿಗ್ಗೆ ಮಾವಿನಹಣ್ಣಿನ ಬುಟ್ಟಿಗೆ ನಾಲ್ಕು ಮೊಲ ತುಂಬಿಕೊಂಡು ಆಟೋ ಹತ್ತಿದೆ. ಮೊದಲು ಪೋಸ್ಟ್‌ಮಾಸ್ತರ ಹೆಂಡತಿ ಸುಲೋಚನಾ ಮನೆ. "ನಾನಾ? ನಾನು ಅರಿಶಿನ ಬಿಟ್ರೆ ಮುಖಕ್ಕೆ ಏನೂ ಸೋಕಿಸಲ್ಲ ಪಂಕಜಕ್ಕ" ಅಂದಳು, ಎರಡು ಕಣ್ಣಿಗೂ ಗೆರೆ ಎಳೆದುಕೊಂಡು. ನಾನು ಮೊಲವನ್ನು ನೆಲಕ್ಕೆ ಬಿಟ್ಟೆ. ಅದು ಹೋಗಿ ಅವಳ ಕೈಯಲ್ಲಿದ್ದ ಕರಿಬೇವು ತಿಂದಿತು. "ಅರಿಶಿನದ ಮೊಲ ಇರ್ಬೇಕು" ಅಂದೆ.

ಹೆಡ್‌ಮಿಸ್ಸು ಭುವನೇಶ್ವರಿ ಬಾಗಿಲೇ ತೆಗೆಯಲಿಲ್ಲ. ಕಿಟಕಿಯಿಂದ "ಮನೇಲಿ ಯಾರೂ ಇಲ್ಲ" ಅಂದರು. ನಾನು ಅವರ ಜಗಲಿಯ ಮೇಲೆ ಮೊಲವನ್ನು ತೊಡೆಯಲ್ಲಿಟ್ಟುಕೊಂಡು ಕೂತೆ. ಹೋಗುವವರು ಬರುವವರೆಲ್ಲ ಕೇಳಿದರು. ಕೇಳಿದವರಿಗೆಲ್ಲ ಯಾವ ವರ್ಷದ ಸ್ಕೂಲ್ ಡೇಗೆ, ಯಾವ ಬಣ್ಣದ ಲಿಪ್‌ಸ್ಟಿಕ್ಕು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಂಟನೆಯವರಿಗೆ ಹೇಳುತ್ತಿರುವಾಗ ಬಾಗಿಲು ತೆರೆಯಿತು. ಇನ್ನೊಬ್ಬಳು ಗಂಡನನ್ನು ಮುಂದೆ ತಳ್ಳಿದಳು. ಗಂಡನ ಕೈಯಿಂದ ಮೊಲ ತಿನ್ನಲಿಲ್ಲ, ಅವಳೇ ಬರಬೇಕಾಯಿತು. ಬಂದವಳು ಅದರ ಕಣ್ಣು ನೋಡಿ ಸೆರಗಿನಿಂದ ಅದರ ಮುಖ ಒರೆಸಿದಳು, ನಾನು ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿಯಿತು. ಯಾರೂ ಸಂತೋಷದಿಂದ ತೆಗೆದುಕೊಳ್ಳಲಿಲ್ಲ, ನಿಜ ಹೇಳಬೇಕಲ್ಲ. ಆದರೆ ತಿನ್ನಲು ಕೈಗೆ ಬಾಯಿಟ್ಟ ಮೇಲೆ ಯಾರಿಗೂ ಒದ್ದು ಓಡಿಸಲು ಮನಸ್ಸಾಗಲಿಲ್ಲ. ಮಣಿಕಟ್ಟಿಗೆ ಹಚ್ಚಿಕೊಂಡಾಗ ಬಂದ ಐದು ಮಾತ್ರ ನನ್ನವೇ. ಆದರೆ ಈ ಎರಡು ವರ್ಷದಲ್ಲಿ ನಾನು ಹಚ್ಚಿಕೊಂಡಾಗಲೆಲ್ಲ ನನ್ನ ಮಣಿಕಟ್ಟು ತಿಕ್ಕಿ ನೋಡುತ್ತಿದ್ದವಳು ಇದೇ ಊರಿನಲ್ಲಿರುವ ತಂಗಿ ವಾರಿಜ. ತಿಕ್ಕುವಾಗ ಅವಳ ಕೈಗೂ ಅದೇ ಡಬ್ಬಿಯದು ಮೆತ್ತಿತ್ತಲ್ಲ, ಅವಳ ಕೈಯಿಂದ ತಿಂದಾವೇನೋ ಎಂದು ಅಂಜುತ್ತಲೇ ಬಿಟ್ಟು ನೋಡಿದೆ. ತಿಂದವು. ನಾಲ್ಕೇ ದಿನಕ್ಕೆ ಬಸಲಿಂಗಪ್ಪನ ಅಂಗಡಿಯಲ್ಲಿ ಹೆಂಗಸರು ಡಬ್ಬಿ ಕೊಳ್ಳುವ ಮೊದಲು "ಪಂಕಜಕ್ಕ ಮೂರು ದಿನ ಕಾದು ನೋಡಿದಾರಾ?" ಎಂದು ಕೇಳಲು ಶುರುಮಾಡಿದರಂತೆ. ಅವನು ನನ್ನನ್ನು ಬೈದುಕೊಳ್ಳುತ್ತಿದ್ದಾನೆ ಎಂದು ಕೇಳಿದೆ. ಬೈದುಕೊಳ್ಳಲಿ.

ಹತ್ತು ದಿನಕ್ಕೆ ಶೆಡ್ಡು ಖಾಲಿಯಾಯಿತು. ಅಷ್ಟರಲ್ಲಿ ಚಾರುವಿಗೂ ನನ್ನ ಡಬ್ಬಿಗಳಲ್ಲೇ ಮದುವೆಯ ಅಲಂಕಾರ ಮಾಡಿ ಮುಗಿಸಿದ್ದೆ. ಉಳಿದವು ಎರಡೇ. ಎರಡೂ ಮಗಳ ಮದುವೆಯ ಸಾಲಿನವು. ಒಂದು ಮಂದಾರಳದು. ಇನ್ನೊಂದು ಕಾತ್ಯಾಯಿನಮ್ಮನವರದು.

ಎರಡನ್ನೂ ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆ. ಕಂಡಕ್ಟರು ಮೊಲಕ್ಕೆ ಟಿಕೆಟ್ ಅಂದ, ಬೇಡ ಅಂದ, ಆಮೇಲೆ ಅದರ ಮುಖ ನೋಡಿ ಸುಮ್ಮನಾದ. ಮೂರು ಗಂಟೆ ಹೊತ್ತೂ ಒಂದೇ ಯೋಚನೆ. ಬುಟ್ಟಿ ನೋಡಿದ ತಕ್ಷಣ ಬಾಗಿಲಿಂದಲೇ ಕಳಿಸಿದರೆ? ಮಗಳ ಮುಖ ನೋಡಲೂ ಬಿಡದಿದ್ದರೆ? ಇವನ್ನು ಹಿಡಿದುಕೊಂಡು ವಾಪಸು ಹೋಗುವುದೇ ಸೈ.

ಬಾಗಿಲು ತೆಗೆದದ್ದು ಮಂದಾರ. ಹೊಟ್ಟೆ ಹೊತ್ತುಕೊಂಡು, ಕೆನ್ನೆ ಊದಿಸಿಕೊಂಡು, ನನ್ನನ್ನು ನೋಡಿ ಗೊಳೋ ಎಂದು ಅತ್ತಳು. ಅವಳ ಮೊಲ ಬುಟ್ಟಿಯಿಂದ ಇಳಿದು ಅವಳ ಪಾದದ ಮೇಲೆ ಹೋಗಿ ಕೂತಿತು. ನಡುಮನೆಯಲ್ಲಿ ಕಾತ್ಯಾಯಿನಮ್ಮ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಇಲ್ಲಿಗೂ ತಂದ್ರಾ?" ಎಂದು ಅವರು ಹುಬ್ಬು ಗಂಟಿಕ್ಕುವಷ್ಟರಲ್ಲಿ ಎರಡನೆಯದು ಗೋಡೆಗೆ ಮೂಗು ತಾಗಿಸಿಕೊಂಡು, ತಡವಿಕೊಂಡು ತಡವಿಕೊಂಡು ಅವರ ಹತ್ತಿರ ಹೋಯಿತು. ಅದಕ್ಕೆ ಎರಡು ಕಣ್ಣೂ ಇಲ್ಲ. ಅವರ ಬೆರಳಿನಲ್ಲಿದ್ದ ಕಡ್ಡಿಯನ್ನು ಮೂಸಿ, ತಿನ್ನತೊಡಗಿತು. ಅವರು ಕೈ ಹಿಂದಕ್ಕೆಳೆಯಲಿಲ್ಲ. ಯಾಕೋ, ಎಳೆಯಲಿಲ್ಲ.

"ಇದ್ಯಾಕೆ ನನ್ನ ಹತ್ರ ಬಂತು?"

"ಧಾರೆಗೆ ಮುಂಚೆ ನಿಮಗೆ ಅಂಗಡಿ ಕಾಡಿಗೆ ಹಚ್ಚಿದ್ದೆ, ನೆನಪಿದೆಯಾ?"

"ನೆನಪಿಲ್ದೆ ಏನು? ದಿನವೆಲ್ಲ ಹೋಮದ ಹೊಗೇಲಿ ಕೂತಿದ್ರೂ ಕರಗಲಿಲ್ಲ. ಒಂದು ಚೂರೂ ಉರೀಲಿಲ್ಲ."

"ಉರೀಬಾರ್ದು ಅಂತಲೇ ಇದರ ಕಣ್ಣಿಗೆ ಮೊದಲು ಹಾಕಿ ನೋಡಿದ್ರು."

ಅವರು ಇನ್ನೊಂದು ಕಡ್ಡಿ ಕೊಟ್ಟರು, ಮತ್ತೊಂದು ಕೊಟ್ಟರು. ಸಾರಿಗೆಂದು ಬಿಡಿಸಿಟ್ಟ ಸೊಪ್ಪೆಲ್ಲ ಖಾಲಿಯಾಯಿತು. ಆಮೇಲೆ ಮೂಗೊರೆಸಿಕೊಂಡು, "ಮಂದಾರ, ಅಮ್ಮನ ಹಾಸಿಗೆ ನಿನ್ನ ರೂಮಲ್ಲೇ ಹಾಕ್ಸು. ಇನ್ನು ಮೂರು ತಿಂಗಳು ಅವರು ಇಲ್ಲೇ ಇರ್ಲಿ" ಅಂದರು. ಮಗಳು ನನ್ನ ಕೈ ಹಿಡಿದುಕೊಂಡಳು. ನನ್ನ ಜೀವಕ್ಕೆ ಅಷ್ಟು ಸಾಕಾಗಿತ್ತು. ಒಳಗೆ ಹೊರಟೆ.

"ಪಂಕಜಮ್ಮ" ಎಂದು ಅವರು ಹಿಂದಿನಿಂದ ಕರೆದರು. ಮೊಲ ಅವರ ಮಡಿಲಿಗೆ ಹತ್ತಿತ್ತು. "ನಂಗೆ ಇದೊಂದೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹಚ್ಚಿಸ್ಕೋತಿರ್ಲಿಲ್ಲ, ದೇವರಾಣೆಗೂ."

ಹತ್ತು ದಿನದಿಂದ ಊರವರನ್ನೆಲ್ಲ ಜಾಲಾಡಿದ ಬಾಯಿ ನನ್ನದು. ವಾಪಸು ಬಂದು ಅವರ ಪಕ್ಕ ನೆಲದ ಮೇಲೆ ಕೂತು ಹೇಳಿದೆ.

"ನನಗೆ ಗೊತ್ತಿತ್ತು."